ಆ ಮುತ್ತು ಯಾವ ದಿನದ್ದು?

ಮೊದಲ ಮುತ್ತಿನ ದಿನ ಯಾವುದೆಂಬ ಜಗಳದಲ್ಲಿ ಆ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಇಬ್ಬರೂ ಐವತ್ತರ ಆಸುಪಾಸಿನವರು, ಡೊಂಬಿವಲಿಯಲ್ಲಿ ವಾಸ. ಆಕೆ ಮಾಟುಂಗಾದಲ್ಲಿ ಬೆಳೆದ ಉಡುಪಿ ಕಡೆಯವರು. ಪತಿ ಧಾರವಾಡದಿಂದ ಕೆಲಸಕ್ಕೆಂದು ಮುಂಬೈಗೆ ಬಂದವರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನೆಂಟರ ಮನೆಯ ಊಟದಲ್ಲಿ ಯಾರೋ 2005ರ ಜುಲೈ 26ರ ಮಳೆಯ ಮಾತೆತ್ತಿದರು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಸುರಿದು, ಲೋಕಲ್ ರೈಲುಗಳು ನಿಂತು, ಊರೇ ನೀರಿನಲ್ಲಿ ನಡೆದ ದಿನ. ‘ಸಯನ್‌ನಲ್ಲಿ ಮುಚ್ಚಿದ ಅಂಗಡಿಯೊಂದರ ಮುಂದೆ ನಾನು ಇವಳಿಗೆ ಮೊದಲ ಮುತ್ತು ಕೊಟ್ಟದ್ದು ಅದೇ ರಾತ್ರಿ’ ಎಂದರು ಪತಿ. ಎಲ್ಲರೂ ನಕ್ಕರು. ಆಕೆ ಎದ್ದು ಒಳಗೆ ಹೋದರು.

ಆಕೆಯ ನೆನಪಿನಲ್ಲಿ ಅದು ನಡೆದದ್ದು ಮಳೆಗಾಲಕ್ಕೆ ಎಷ್ಟೋ ಮೊದಲು, ಚಿಕ್ಕಮ್ಮನ ಚಾಳಿನ ಮೆಟ್ಟಿಲ ಮೇಲೆ. ಮಳೆಯ ರಾತ್ರಿ ತಾನು ಕಚೇರಿಯಲ್ಲೇ ಸಿಕ್ಕಿಬಿದ್ದಿದ್ದೆ ಎನ್ನುತ್ತಾರೆ. ಒಬ್ಬರೇ ಆಪ್ತಸಲಹೆಗೆಂದು ನನ್ನ ಬಳಿ ಬಂದು ಕೇಳಿದರು: ‘ಹಾಗಾದರೆ ಆ ರಾತ್ರಿ ಅವರ ಜೊತೆಗಿದ್ದವಳು ಯಾರು?’

ಅನುಮಾನಕ್ಕೆ ಕಾರಣವಿದೆ, ಆದರೆ ಆಧಾರ ಸಾಲದು ಎಂದೆ. 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ತಂಡ ವಿದ್ಯಾರ್ಥಿಗಳಿಂದ, ಸುದ್ದಿ ಎಲ್ಲಿ, ಯಾರಿಂದ ಕೇಳಿದಿರಿ ಎಂದು ಬರೆಸಿಕೊಂಡಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದು ಮತ್ತೆ ಕೇಳಿದಾಗ ಹಲವರ ಉತ್ತರ ಬೇರೆಯೇ ಆಗಿತ್ತು, ತಾವು ಹೇಳುವುದೇ ಸರಿಯೆಂಬ ನಂಬಿಕೆ ಮಾತ್ರ ಕುಗ್ಗಿರಲಿಲ್ಲ. ನೆನಪನ್ನು ಪ್ರತಿ ಸಲ ತೆಗೆದಾಗಲೂ ಮನಸ್ಸು ಅದನ್ನು ಒಂದಿಷ್ಟು ಹೊಸದಾಗಿ ಕಟ್ಟುತ್ತದೆ. ಊರಿಗೆ ಊರೇ ನೆನೆಯುವ ದಿನಕ್ಕೆ ನಮ್ಮ ಖಾಸಗಿ ದಿನಗಳು ಹೋಗಿ ಅಂಟಿಕೊಳ್ಳುವುದೂ ಉಂಟು.

ಮುಂದಿನ ಭೇಟಿಗೆ ಇಬ್ಬರೂ ಬಂದರು. ಸ್ಥಳ, ತಾರೀಕು ಬಿಟ್ಟು ಮೈಗೆ ನೆನಪಿರುವುದನ್ನಷ್ಟೇ ಬೇರೆ ಬೇರೆಯಾಗಿ ಬರೆಯಲು ಹೇಳಿದೆ. ‘ಅವಳು ನನ್ನ ಅಂಗಿಯ ಗುಂಡಿಯನ್ನು ಬಿಗಿಯಾಗಿ ಹಿಡಿದಿದ್ದಳು’ ಎಂದು ಪತಿ ಬರೆದರು. ಆಕೆಯ ಹಾಳೆಯಲ್ಲೂ ಆ ಗುಂಡಿ ಇತ್ತು. ಇದರಿಂದ ಎಲ್ಲವೂ ಸಾಬೀತಾಯಿತೆಂದು ನಾನು ಹೇಳಲಿಲ್ಲ. ಆಕೆಯ ಮುಖ ಮಾತ್ರ ಸಡಿಲವಾಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ಆಕೆ ಬರೆದ ಕೊನೆಯ ಸಾಲುಗಳು. ಮೆಟ್ಟಿಲ ಮೇಲಿನ ಮುತ್ತಿನ ನಂತರ ಆತ ವಾರಗಟ್ಟಲೆ ಫೋನ್ ಮಾಡಿರಲಿಲ್ಲ. ನನ್ನನ್ನು ಅಗ್ಗದವಳೆಂದುಕೊಂಡನೇ, ಮನೆಯವರಿಗೆ ಗೊತ್ತಾದರೆ ಏನು ಗತಿ ಎಂದು ಆಕೆ ಉಂಡ ಅನ್ನ ಮೈಗೆ ಹತ್ತದೆ ಕಾದಿದ್ದರು. ಆಕೆಗೆ ಆ ಮುತ್ತೆಂದರೆ ಆ ಕಾಯುವಿಕೆಯೂ ಹೌದು. ಪತಿಯ ಮಳೆಯ ಕಥೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ‘ನನಗೂ ಭಯವಿತ್ತು, ನಿಮ್ಮ ಮನೆಯವರು ಒಪ್ಪುತ್ತಾರೆಂಬ ಧೈರ್ಯವಿರಲಿಲ್ಲ’ ಎಂದರು ಆತ. ಇಷ್ಟು ವರ್ಷ ಈ ಮಾತು ಹೊರಬಂದೇ ಇರಲಿಲ್ಲ.

ಸಲಹೆ ಕೊಟ್ಟೆ. ಯಾರ ನೆನಪು ಸರಿ ಎಂಬ ಪಂಚಾಯಿತಿ ಬೇಡ. ಹಳೆಯ ಗೆಳೆಯರಿಗೆ ಫೋನ್ ಮಾಡಿ ಸಾಕ್ಷಿ ಹುಡುಕುವುದೂ ಬೇಡ. ಆ ವಾರಗಳ ಬಗ್ಗೆ ಪತಿ ಕೇಳಲಿ, ಪತ್ನಿ ಹೇಳಿ ಮುಗಿಸುವವರೆಗೆ ಸಮರ್ಥನೆಗೆ ಇಳಿಯದಿರಲಿ. ಮುತ್ತು ಇಬ್ಬರದು, ಆದ್ದರಿಂದ ಪತ್ನಿಯ ಒಪ್ಪಿಗೆಯಿಲ್ಲದೆ ಅದನ್ನು ಪಂಕ್ತಿಯಲ್ಲಿ ಹೇಳಕೂಡದು. ಇದನ್ನು ಗಟ್ಟಿಯಾಗಿಯೇ ಹೇಳಿದೆ, ಏಕೆಂದರೆ ಆ ನಗು ಆಕೆಗೆ ಅನುಮಾನಕ್ಕಿಂತ ಹೆಚ್ಚು ಚುಚ್ಚಿತ್ತು.

ಈಗಲೂ ಆಕೆಗೆ ಮೆಟ್ಟಿಲು, ಆತನಿಗೆ ಮಳೆ. ಅದಕ್ಕೆ ಜಗಳವಿಲ್ಲ. ಒಂದು ಮಲಗುವ ಕೋಣೆಯ ಮನೆಯಲ್ಲಿ ಅತ್ತೆ, ಕಾಲೇಜಿಗೆ ಹೋಗುವ ಮಗ, ಇವರಿಬ್ಬರು. ಬಾಗಿಲು ಹಾಕಿಕೊಂಡು ಮಾತಾಡಲು ಜಾಗ ಎಲ್ಲಿ ಎಂದು ಕೇಳಿದ್ದಾರೆ. ಮುಂದಿನ ಭೇಟಿ ಅದಕ್ಕಾಗಿ.