‘ಲೂಥರ್ ಇಲ್ಲದಿದ್ದರೆ ಆಧುನಿಕ ವಿಜ್ಞಾನವೇ ಇಲ್ಲ’ ಎಂದು ಪ್ರಬಂಧ ಬರೆಯುತ್ತಿದ್ದೇನೆ, ಯಾವ ಅಂಶಗಳನ್ನು ಸೇರಿಸಲಿ?

ಹನ್ನೆರಡು ವರ್ಷದ ಹಿಂದೆ ಎಂ.ಎ. ಇತಿಹಾಸದ ಕೊನೇ ಸೆಮಿಸ್ಟರಿನಲ್ಲಿ ನಾನು ಬರೆದದ್ದೂ ಇದೇ ಪ್ರಬಂಧ. ಅಂಶಗಳಿಗೇನೂ ಬರವಿರಲಿಲ್ಲ, ಹದಿನಾಲ್ಕಿದ್ದವು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಪೋಪ್, ಬಲಕ್ಕೆ ಲೂಥರ್ (ಹದಿನಾರನೇ ಶತಮಾನದಲ್ಲಿ ಪೋಪನನ್ನು ಎದುರಿಸಿ ಚರ್ಚಿನ ಸುಧಾರಣೆ ಶುರುಮಾಡಿದ ಜರ್ಮನ್ ಪಾದ್ರಿ) ಎಂದು ಹಂಚಿದ್ದೆ. 1633ರ ಗೆಲಿಲಿಯೋ ವಿಚಾರಣೆ ಎಡಕ್ಕೆ, 1660ರ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಬಲಕ್ಕೆ. ನಡುವೆ ಕೊಪರ್ನಿಕಸ್, ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದವನು. ಅವನ ಬಗ್ಗೆ ಬರೆದ ಒಂದು ವಾಕ್ಯವೇ ನನ್ನನ್ನು ಮುಳುಗಿಸಿತು.

ಬರೆದದ್ದು ಇಷ್ಟು: ‘ಪೋಪನಿಗೆ ಹೆದರಿದ ಕೊಪರ್ನಿಕಸ್ ತನ್ನ ಗ್ರಂಥದ ಮುನ್ನುಡಿಯಲ್ಲೇ, ಈ ಊಹೆಗಳು ನಿಜವಾಗಿರಬೇಕಿಲ್ಲ, ಲೆಕ್ಕ ತಾಳೆಯಾದರೆ ಸಾಕು ಎಂದು ಒಪ್ಪಿಕೊಳ್ಳುತ್ತಾನೆ.’

ವೈವಾಕ್ಕೆ ಬಂದಿದ್ದ ಹೊರಗಿನ ಪರೀಕ್ಷಕರು ವಯಸ್ಸಾದ ಮೇಡಂ. ಉಳಿದ ನೂರು ಪುಟದ ಗೋಜಿಗೇ ಹೋಗದೆ ಈ ಸಾಲಿಗೆ ಪೆನ್ಸಿಲ್ ಇಟ್ಟು, “ಈ ಮುನ್ನುಡಿ ಬರೆದದ್ದು ಯಾರಪ್ಪಾ?” ಅಂದರು.

“ಕೊಪರ್ನಿಕಸ್, ಮೇಡಂ.”

“ಕೆಳಗೆ ಅವನ ಹೆಸರಿದೆಯೋ?”

ಇರಲಿಲ್ಲ. ಯಾರ ಹೆಸರೂ ಇರಲಿಲ್ಲ. ಅಷ್ಟೇ ಅಲ್ಲ, ಆ ಮುನ್ನುಡಿಯೊಳಗೇ ‘ಈ ಗ್ರಂಥಕರ್ತ ಆಕ್ಷೇಪಿಸುವಂಥದ್ದೇನೂ ಮಾಡಿಲ್ಲ’ ಎಂಬರ್ಥದ ಮಾತಿದೆ. ತನ್ನ ಬಗ್ಗೆ ತಾನೇ ಯಾರಾದರೂ ಹಾಗೆ ಬರೆದುಕೊಳ್ಳುತ್ತಾರೆಯೇ? ನಾನು ಅದನ್ನು ಓದಿಯೂ ಇದ್ದೆ. ನಮ್ಮ ಹಳೆಗನ್ನಡ ಕವಿಗಳು ತಮ್ಮನ್ನು ತಾವೇ ಬೇರೆಯವರಂತೆ ಹೆಸರಿಸಿ ಹೊಗಳಿಕೊಳ್ಳುತ್ತಾರಲ್ಲ, ಅಂಥದ್ದೇ ಏನೋ ಎಂದುಕೊಂಡು ಮುಂದೆ ಹೋಗಿದ್ದೆ. ಮುಂದೆ ಅಂದರೆ ಪುಸ್ತಕದಲ್ಲಿ ಅಲ್ಲ, ನನ್ನ ಪ್ರಬಂಧದಲ್ಲಿ. ನನ್ನ ಕೈಯಲ್ಲಿದ್ದದ್ದು ಆ ಒಂದು ಪುಟದ ಇಂಗ್ಲಿಷ್ ಅನುವಾದದ ಜೆರಾಕ್ಸ್ ಮಾತ್ರ. ಪುಸ್ತಕ ತರಿಸಿ ಮುಂದಿನ ಪುಟ ತಿರುಗಿಸಿದ್ದರೆ, ನಿಮ್ಮ ಸಿದ್ಧಾಂತವನ್ನು ಲೋಕಕ್ಕೆ ತಿಳಿಸಿ ಎಂದು 1536ರಲ್ಲಿ ಒಬ್ಬ ಕಾರ್ಡಿನಲ್ ಕೊಪರ್ನಿಕಸ್‌ಗೆ ಬರೆದ ಪತ್ರ ಸಿಗುತ್ತಿತ್ತು. ಅದರಾಚೆಗೆ ಕೊಪರ್ನಿಕಸ್ ತಾನೇ ಬರೆದ ನಿಜವಾದ ಮುನ್ನುಡಿ. ಅದು ಯಾರಿಗೆ ಅರ್ಪಿತ ಗೊತ್ತೇ? ಮೂರನೇ ಪಾಲ್, ಅಂದರೆ ಆಗಿನ ಪೋಪ್!

ಹಾಗಾದರೆ ಹೆಸರಿಲ್ಲದ ಆ ಮುನ್ನುಡಿ ಯಾರದು? ಆಂಡ್ರಿಯಾಸ್ ಓಸಿಯಾಂಡರ್‌ನದು. ಪುಸ್ತಕ ಅಚ್ಚಾದ ನ್ಯೂರೆಂಬರ್ಗಿನ ಲೂಥರನ್ ಪಾದ್ರಿ, ಅಂದರೆ ಲೂಥರನ ಪಂಥದವನು. ನನ್ನ ಬಲಗಡೆಯ ಕಾಲಂನವನು. ಕೊಪರ್ನಿಕಸ್ ಫ್ರೌಯೆನ್‌ಬರ್ಗಿನ ಕ್ಯಾಥೆಡ್ರಲಿನಲ್ಲಿ ಕ್ಯಾನನ್, ಅಂದರೆ ಕ್ಯಾಥೊಲಿಕ್ ಚರ್ಚಿನ ಅನ್ನ ತಿಂದವನು. ಅವನ ಮಾತಿಗೆ ಅವನನ್ನು ಕೇಳದೆ ‘ಇದು ಬರೀ ಲೆಕ್ಕ’ ಎಂದು ಬಾಲಂಗೋಚಿ ಅಂಟಿಸಿದ್ದು ಸುಧಾರಣೆಯ ಪಕ್ಷದವನು. 1543ರಲ್ಲಿ ಪುಸ್ತಕ ಅಚ್ಚಾಗಿ ಬರುವ ಹೊತ್ತಿಗೆ ಕೊಪರ್ನಿಕಸ್ ಸಾವಿನ ಹಾಸಿಗೆಯಲ್ಲಿದ್ದ. ಅವನ ಗೆಳೆಯ ಬಿಷಪ್ ಗೀಸೆ ಸಿಟ್ಟಾಗಿ ನ್ಯೂರೆಂಬರ್ಗಿನ ಆಡಳಿತಕ್ಕೆ ದೂರು ಬರೆದ. ಕೊನೆಗೆ 1609ರಲ್ಲಿ ಖಗೋಳಜ್ಞ ಕೆಪ್ಲರ್ ತನ್ನ ಗ್ರಂಥದ ಮೊದಲಲ್ಲೇ ಓಸಿಯಾಂಡರನ ಹೆಸರು ಹಾಕಿ ಗುಟ್ಟು ಬಯಲು ಮಾಡಿದ. ಅದಾಗಿ ನಾಲ್ಕು ನೂರು ವರ್ಷ ಕಳೆದ ಮೇಲೂ ನನಗೆ ಸುದ್ದಿ ಮುಟ್ಟಿರಲಿಲ್ಲ.

ಮೂರನೇ ಅಧ್ಯಾಯವನ್ನು ಪೂರ್ತಿ ಹೊಸದಾಗಿ ಬರೆದು ಮತ್ತೆ ಸಲ್ಲಿಸಬೇಕಾಯಿತು. ಫಲಿತಾಂಶ ತಡವಾಯಿತು, ಪಿಎಚ್.ಡಿ. ಅರ್ಜಿಯ ಕೊನೇ ದಿನ ದಾಟಿತು, ಒಂದು ವರ್ಷ ಟ್ಯೂಷನ್ ಹೇಳಿಕೊಂಡು ಕೂತೆ. ಗೈಡ್ ಸಹಿ ಹಾಕಿದ್ದರು, ಓದಿರಲಿಲ್ಲ. ಅವರನ್ನು ದೂರಿ ಫಲವಿಲ್ಲ, ಜೆರಾಕ್ಸ್ ನನ್ನದು.

ಆದರೆ ಆ ವರ್ಷ ಓದಿದ್ದು ದಂಡವಾಗಲಿಲ್ಲ. ಆ ಪುಸ್ತಕ ಅಚ್ಚಿಗೆ ಹೋಗಲು ಕಾರಣನಾದ ರೆಟಿಕಸ್ ಕೂಡ ಲೂಥರನ್ ಪಂಥದವನೇ, ಅದೂ ಲೂಥರನ ಊರಾದ ವಿಟೆನ್‌ಬರ್ಗಿನ ಗಣಿತದ ಮೇಷ್ಟ್ರು. 1539ರಲ್ಲಿ, ಇಪ್ಪತ್ತೈದರ ಹುಡುಗ, ಮುದುಕ ಕೊಪರ್ನಿಕಸ್‌ನನ್ನು ಹುಡುಕಿಕೊಂಡು ಹೋದ. ಅದೇ ವರ್ಷ ಅಲ್ಲಿಯ ಬಿಷಪ್, ಲೂಥರನ ಕಡೆಯವರು ನನ್ನ ಸೀಮೆಯಲ್ಲಿ ಇರಕೂಡದು ಎಂದು ಆಜ್ಞೆ ಹೊರಡಿಸಿದ್ದ. ಹೋದವನು ಎರಡು ವರ್ಷಕ್ಕೂ ಹೆಚ್ಚು ಅಲ್ಲೇ ಉಳಿದು, ಹಸ್ತಪ್ರತಿಯನ್ನು ಅಚ್ಚಿಗೆ ಒಪ್ಪಿಸಿದ. ಆಮೇಲೆ ಲೈಪ್‌ಜಿಗ್‌ನಲ್ಲಿ ಕೆಲಸ ಸಿಕ್ಕಿತೆಂದು ಅಚ್ಚಿನ ಮೇಲ್ವಿಚಾರಣೆಯನ್ನು ಓಸಿಯಾಂಡರ್‌ಗೆ ಬಿಟ್ಟು ಹೊರಟ. ಪುಸ್ತಕ ಹೊರತಂದವನೂ ಲೂಥರನ್, ಕೆಡಿಸಿದವನೂ ಲೂಥರನ್. ಎಳೆಯಿರಿ ನಿಮ್ಮ ಗೆರೆ!

ಸುಧಾರಣೆಗೂ ವಿಜ್ಞಾನಕ್ಕೂ ಸಂಬಂಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ರೆಟಿಕಸ್‌ಗೆ ಆ ಕೆಲಸ ಸಿಕ್ಕಿದ್ದೇ ಲೂಥರನ ಬಲಗೈ ಮೆಲಾಂಕ್ಥನ್‌ನಿಂದ. ಆಕಾಶದ ಕ್ರಮದಲ್ಲಿ ದೇವರ ಕೈ ಕಾಣುತ್ತದೆ ಎಂದು ನಂಬಿ ಅವನು ವಿಶ್ವವಿದ್ಯಾಲಯದಲ್ಲಿ ಗಣಿತಕ್ಕೆ, ಖಗೋಳಕ್ಕೆ ಜಾಗ ಮಾಡಿದ. ಅದೇ ಮೆಲಾಂಕ್ಥನ್ ಭೂಮಿ ಸುತ್ತುತ್ತದೆ ಅನ್ನುವುದನ್ನು ಒಪ್ಪಲಿಲ್ಲ. ಅವನ ಶಿಷ್ಯವರ್ಗ ಕೊಪರ್ನಿಕಸ್‌ನ ಗಣಿತ ಇಟ್ಟುಕೊಂಡು ಭೂಮಿಯನ್ನು ನಿಲ್ಲಿಸಿಯೇ ಬಿಟ್ಟಿತು. ಸಿಕ್ಕಿದ್ದು ಕಲಿಯುವ ಜಾಗ, ನಂಬುವ ಸ್ವಾತಂತ್ರ್ಯವಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಬರೆಯಲು ಯೋಗ್ಯವಾದದ್ದು ಇದೊಂದೇ.

ನಿಮ್ಮ ಶೀರ್ಷಿಕೆ ಕಿತ್ತುಹಾಕಿ. ‘ಇಲ್ಲದಿದ್ದರೆ ಇಲ್ಲ’ ಅನ್ನುವುದನ್ನು ಯಾರೂ ಸಾಧಿಸಲಾರರು. ಸುಧಾರಣೆಗೂ ವಿಜ್ಞಾನಕ್ಕೂ ನಂಟು ಹಾಕಿದ ಸಮಾಜಶಾಸ್ತ್ರಜ್ಞ ಮರ್ಟನ್ನನ ಹೆಸರು ಹಾಕಿದರೆ ಆಯಿತು ಎಂದುಕೊಂಡಿದ್ದರೆ, 1938ರಲ್ಲಿ ಅವನು ಬರೆದದ್ದು ಹದಿನೇಳನೇ ಶತಮಾನದ ಇಂಗ್ಲೆಂಡಿನ ಪ್ಯೂರಿಟನ್ನರೆಂಬ ಕಟ್ಟಾ ಪ್ರಾಟೆಸ್ಟೆಂಟರ ಬಗ್ಗೆ. ಪ್ಯೂರಿಟನ್ನರಿಲ್ಲದೆ ವಿಜ್ಞಾನವಿಲ್ಲ ಎಂದು ಅವನೂ ಹೇಳಲಿಲ್ಲ. ‘ಪವಿತ್ರಾತ್ಮನಿಗಿಂತ ಕೊಪರ್ನಿಕಸ್ ಮೇಲೆಂದು ಹೇಳುವ ಧೈರ್ಯ ಯಾರಿಗಿದೆ’ ಎಂದು ಸುಧಾರಣೆಯ ಇನ್ನೊಬ್ಬ ಮುಂದಾಳು ಕ್ಯಾಲ್ವಿನ್ ಗುಡುಗಿದನಂತೆ ಎಂದು ಸಿಕ್ಕಸಿಕ್ಕಲ್ಲಿ ಕಾಣುತ್ತದೆ. ಅದನ್ನೂ ಮುಟ್ಟಬೇಡಿ, ಕ್ಯಾಲ್ವಿನ್ನನ ಬರಹದಲ್ಲಿ ಆ ಮಾತೇ ಇಲ್ಲ.

ಒಬ್ಬನನ್ನು ಹಿಡಿಯಿರಿ, ಸಾಕು. ಕೆಪ್ಲರ್ ಆಗಬಹುದು. ಪಾದ್ರಿಯಾಗಲು ಹೊರಟು ಗಣಿತದ ಮೇಷ್ಟ್ರಾದವನು. 1600ರಲ್ಲಿ ಲೂಥರನ್ ಎಂದು ಕ್ಯಾಥೊಲಿಕರು ಗ್ರಾಟ್ಸ್‌ನಿಂದ ಓಡಿಸಿದರು. ಪ್ರಾಗ್‌ನಲ್ಲಿ ಕೆಲಸ ಕೊಟ್ಟವನು ಕ್ಯಾಥೊಲಿಕ್ ಚಕ್ರವರ್ತಿ ಎರಡನೇ ರುಡಾಲ್ಫ್. ಲಿಂಟ್ಸ್‌ಗೆ ಹೋದರೆ ಸ್ವಂತ ಪಂಥದ ಲೂಥರನ್ ಪಾದ್ರಿಯೇ, ನಮ್ಮ ಮತತತ್ತ್ವದ ಸೂತ್ರಕ್ಕೆ ಸಹಿ ಹಾಕದವನಿಗೆ ಪ್ರಸಾದವಿಲ್ಲ ಎಂದು ಹೊರಗಿಟ್ಟ. ಇಷ್ಟಾದರೂ ಖಗೋಳ ನೋಡುವವರು ದೇವರ ಪುರೋಹಿತರು ಎಂಬ ಅವನ ನಂಬಿಕೆ ಕದಲಲಿಲ್ಲ. ನಾನು ಮೂರನೇ ಅಧ್ಯಾಯ ತಿದ್ದಿದ್ದೂ ಅವನನ್ನು ಹಿಡಿದುಕೊಂಡೇ. ಮೇಡಂ ಈ ಸಲ ಪೆನ್ಸಿಲ್ ತೆಗೆಯಲಿಲ್ಲ.

ಇವತ್ತು ರಾತ್ರಿಯೇ ನಿಮ್ಮ ಕರಡಿನಲ್ಲಿ ಆ ಮುನ್ನುಡಿಯ ಸಾಲು ಇದೆಯೇ ಹುಡುಕಿ. ಗೈಡ್ ಸಹಿ ಹಾಕಿಸಿಕೊಳ್ಳುವುದು ಆಮೇಲೆ.