ಕುಳಿತಾಗ ಇಲ್ಲದ ಎದೆಬಿಗಿತ ಮೆಟ್ಟಿಲು ಹತ್ತುವಾಗ ಏಕೆ?

ಪ್ರಶ್ನೆ: ತಂದೆಗೆ 58 ವರ್ಷ. ಬಿರುಸಾಗಿ ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ, ನಿಂತರೆ ಎರಡು ಮೂರು ನಿಮಿಷಗಳಲ್ಲಿ ಕಡಿಮೆಯಾಗುತ್ತದೆ. ಮಲಗಿಸಿ ತೆಗೆದ ಇಸಿಜಿ ಸರಿಯಾಗಿದೆ. ಆದರೂ ವೈದ್ಯರು ಹೃದಯದ ರಕ್ತನಾಳ ಕಿರಿದಾಗಿರಬಹುದು ಎನ್ನುತ್ತಾರೆ. ಹಾಗಿದ್ದರೆ ಸದಾ ನೋಯಬೇಕಲ್ಲವೇ?

ಉತ್ತರ: ನೋಯಬೇಕಿಲ್ಲ. ವೈದ್ಯರ ಅನುಮಾನವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ವಿಶ್ರಾಂತಿಯಲ್ಲಿರುವಾಗ ನಮ್ಮ ದೇಹ ಒಟ್ಟಾರೆಯಾಗಿ ರಕ್ತದಲ್ಲಿನ ಆಮ್ಲಜನಕದ ಕಾಲುಭಾಗವನ್ನಷ್ಟೇ ಬಳಸುತ್ತದೆ. ಹೃದಯದ ಸ್ನಾಯು ಮಾತ್ರ ಆಗಲೇ ಶೇ 70ರಿಂದ 75ರಷ್ಟನ್ನು ಹೀರಿಕೊಂಡಿರುತ್ತದೆ. ಕೆಲಸ ಹೆಚ್ಚಿದಾಗ ಅದೇ ರಕ್ತದಿಂದ ಇನ್ನಷ್ಟು ಹಿಂಡಿಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ರಕ್ತದ ಹರಿವೇ ಹೆಚ್ಚಬೇಕು. ಕಠಿಣ ವ್ಯಾಯಾಮದಲ್ಲಿ ಅದು ನಾಲ್ಕೈದು ಪಟ್ಟು ಏರುತ್ತದೆ.

ಈ ಏರಿಕೆಗೆ ಮಿದುಳಿನ ಅಪ್ಪಣೆ ಬೇಕಿಲ್ಲ. ಕಸಿ ಮಾಡಿದ, ನರಗಳ ಸಂಪರ್ಕ ಕಡಿದ ಹೃದಯದಲ್ಲೂ ಹರಿವು ಕೆಲಸಕ್ಕೆ ತಕ್ಕಂತೆ ಹೆಚ್ಚುತ್ತದೆ! ಸ್ನಾಯುವಿನ ಚಯಾಪಚಯವೇ ಪಕ್ಕದ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ. ಶಕ್ತಿಯ ಅಣು ಎಟಿಪಿ ಒಡೆದಾಗ ಹುಟ್ಟುವ ಅಡೆನೊಸಿನ್ ಈ ಕೆಲಸ ಮಾಡುತ್ತದೆ ಎಂದು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ರಾಬರ್ಟ್ ಬರ್ನ್ 1963ರಲ್ಲಿ ಪ್ರತಿಪಾದಿಸಿದರು. ಆದರೆ ಆರೋಗ್ಯವಂತ ಹೃದಯದಲ್ಲಿ ಅಡೆನೊಸಿನ್‌ನ ಪರಿಣಾಮವನ್ನು ತಡೆದರೂ ವ್ಯಾಯಾಮದ ವೇಳೆ ಹರಿವು ಏರಿಯೇ ಏರುತ್ತದೆ ಎಂದು ನಂತರ ಕಂಡುಬಂತು. ನಾಳದ ಒಳಪದರ ಹೊರಬಿಡುವ ನೈಟ್ರಿಕ್ ಆಕ್ಸೈಡ್ ಅನಿಲ, ನಾಳದ ಜೀವಕೋಶಗಳಲ್ಲಿ ಪೊಟ್ಯಾಸಿಯಂ ಸಾಗುವ ದಾರಿಗಳಾದ ಪೊಟ್ಯಾಸಿಯಂ ವಾಹಿನಿಗಳು ಎಲ್ಲವೂ ಕೈಜೋಡಿಸುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು ನಿಭಾಯಿಸುತ್ತದೆ.

ಈಗ ನಿಮ್ಮ ತಂದೆಯ ವಿಷಯಕ್ಕೆ ಬರೋಣ. ದೊಡ್ಡ ನಾಳ ಕಿರಿದಾದಾಗ ಅದರ ಮುಂದಿನ ಸಣ್ಣ ನಾಳಗಳು ವಿಶ್ರಾಂತಿಯಲ್ಲೇ ಹಿಗ್ಗಿ ಕೊರತೆ ತುಂಬಿಕೊಡುತ್ತವೆ. ಹಾಗಾಗಿ ನಾಳದ ವ್ಯಾಸ ಬಹುಪಾಲು ಮುಚ್ಚುವವರೆಗೂ ಕುಳಿತಾಗಿನ ಹರಿವು ಕುಗ್ಗದೇ ಇರಬಹುದು, ಇಸಿಜಿಯೂ ಸರಿಯಾಗಿಯೇ ಕಾಣಬಹುದು. ಮೆಟ್ಟಿಲು ಹತ್ತುವ ಹೊತ್ತಿಗೆ ಮತ್ತಷ್ಟು ಹಿಗ್ಗುವ ಶಕ್ತಿ ಅವುಗಳಲ್ಲಿ ಉಳಿದಿರುವುದಿಲ್ಲ. ಸಾಲದ್ದಕ್ಕೆ, ದೇಹಕ್ಕೆಲ್ಲ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿಯ ಗೋಡೆಗೆ ರಕ್ತ ಹರಿಯುವುದು ಮುಖ್ಯವಾಗಿ ಅದು ಸಡಿಲಗೊಂಡ ಕ್ಷಣದಲ್ಲಿ. ಬಡಿತ ವೇಗವಾದಷ್ಟೂ ಆ ಬಿಡುವು ಕಿರಿದಾಗುತ್ತದೆ. ಒತ್ತಡ ಹೆಚ್ಚು ತಗಲುವ ಗೋಡೆಯ ಒಳಪದರ ಮೊದಲು ಬಳಲುತ್ತದೆ. ಈ ಆಮ್ಲಜನಕದ ಕೊರತೆಯೇ ಎದೆಬಿಗಿತವಾಗಿ ಕಾಣಿಸುತ್ತದೆ.

ಆದ್ದರಿಂದ ಟ್ರೆಡ್‌ಮಿಲ್ ಪರೀಕ್ಷೆ, ಸಿಟಿ ಆಂಜಿಯೋಗ್ರಾಂ ಇವುಗಳಲ್ಲಿ ಯಾವುದು ಸೂಕ್ತವೆಂದು ಹೃದ್ರೋಗ ತಜ್ಞರನ್ನು ಕೇಳಿ, ತಡಮಾಡದೆ ಮಾಡಿಸಿ. ಅಲ್ಲಿಯವರೆಗೆ ತಂದೆ ಏದುಸಿರು ಬರುವಂತೆ ಶ್ರಮಪಡುವುದು ಬೇಡ. ಬಿಗಿತ ಕುಳಿತಾಗಲೂ ಬಂದರೆ ಅಥವಾ ವಿಶ್ರಾಂತಿಗೂ ಇಳಿಯದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ.