ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಒಂದೇ ಸಂಚಿಕೆ ಓದುವುದಾದರೆ ಯಾವುದು?

ಅನುಮಾನವೇ ಬೇಡ, 1966ರ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 33ನೇ ಸಂಚಿಕೆ. ನೀರಿನಡಿಯ ಅಡಗುತಾಣದಲ್ಲಿ ಪೀಟರ್, ಅಂದರೆ ಸ್ಪೈಡರ್‌ಮ್ಯಾನ್, ಭಾರೀ ಯಂತ್ರದ ಕೆಳಗೆ ಸಿಕ್ಕಿಬಿದ್ದಿದ್ದಾನೆ. ಸಾಕಿ ಬೆಳೆಸಿದ ದೊಡ್ಡಮ್ಮ ಮೇ ಆಸ್ಪತ್ರೆಯಲ್ಲಿ ಸಾವಿನಂಚಿನಲ್ಲಿದ್ದಾಳೆ. ಅವಳನ್ನು ಉಳಿಸುವ ಔಷಧ ಕಣ್ಣೆದುರೇ ಇದೆ, ಕೈಗೆ ಎಟುಕುತ್ತಿಲ್ಲ. ಮೇಲಿನಿಂದ ನೀರು ಸೋರುತ್ತಿದೆ. ಚಿತ್ರಕಾರ ಸ್ಟೀವ್ ಡಿಟ್ಕೊ ಇಲ್ಲಿ ಅವಸರಪಡುವುದಿಲ್ಲ. ಯಂತ್ರ ಇಂಚಿಂಚಾಗಿ ಮೇಲೆದ್ದಂತೆ ಚಿತ್ರದ ಚೌಕಟ್ಟುಗಳೂ ಹಿಗ್ಗುತ್ತವೆ. ಕೊನೆಗೆ ಇಡೀ ಪುಟದ ತುಂಬ ಅವನು ಅದನ್ನು ಎತ್ತಿ ನಿಂತಿರುತ್ತಾನೆ. ಎದುರಿಗೆ ಖಳನೇ ಇಲ್ಲ, ಬರೀ ಭಾರ. ಇಂಥ ರೋಮಾಂಚನ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹಲವರು ಪೀಟರ್‌ನ ಪ್ರೇಯಸಿ ಗ್ವೆನ್ ಸಾಯುವ 1973ರ 121ನೇ ಸಂಚಿಕೆಯನ್ನು ಹೆಸರಿಸುತ್ತಾರೆ. ಅದೂ ಅಪೂರ್ವವೇ, ಆದರೆ ಗ್ವೆನ್‌ಳನ್ನು ಮೊದಲೇ ಬಲ್ಲವರಿಗೆ ಮಾತ್ರ ಅದು ಪೂರ್ತಿ ತಟ್ಟುತ್ತದೆ. ಸಮಯವಿದ್ದರೆ 31 ಮತ್ತು 32ನ್ನು ಓದಿಯೇ 33ಕ್ಕೆ ಬನ್ನಿ.